ಬಾಗಿಲ ಎರಡೂ ಕಡೆ

ಐರ್ಲೆಂಡಿನ ಸರ್ಕಾರಿ ರಜಾಪಟ್ಟಿಗೆ 2023ರಲ್ಲಿ ಹೊಸದೊಂದು ರಜೆ ಸೇರಿತು. ಫೆಬ್ರವರಿಯ ಮೊದಲ ಸೋಮವಾರ, ಸೇಂಟ್ ಬ್ರಿಜಿಡ್ ದಿನ. ಒಂದನೇ ತಾರೀಕು ಶುಕ್ರವಾರ ಬಂದರೆ ಮಾತ್ರ ಅವತ್ತೇ ರಜೆ. ಕೋವಿಡ್ ಕಾಲದಲ್ಲಿ ದುಡಿದವರಿಗೆ ಥ್ಯಾಂಕ್ಸ್, ತೀರಿಕೊಂಡವರಿಗೆ ಒಂದು ನೆನಪು ಅಂತ ಸರ್ಕಾರ ಕೊಟ್ಟ ಕಾರಣ. ಆದರೆ ಈ ದಿನವೇ ಬೇಕು ಅಂತ ಮೊದಲಿನಿಂದ ಹಟ ಹಿಡಿದವರೂ ಇದ್ದರು. ಈ ನಾಡಿಗೆ ಮೂವರು ಪೋಷಕ ಸಂತರು: ಪ್ಯಾಟ್ರಿಕ್, ಕೊಲಂಬಾ, ಬ್ರಿಜಿಡ್. ಮಾರ್ಚ್ 17ಕ್ಕೆ ಪ್ಯಾಟ್ರಿಕ್ ಹೆಸರಲ್ಲಿ ಜಗತ್ತೇ ಹಸಿರು ಬಟ್ಟೆ ತೊಟ್ಟು ಕುಣಿಯುತ್ತೆ, ಮೂವರಲ್ಲಿ ಒಬ್ಬಳೇ ಹೆಣ್ಣಾದವಳಿಗೆ ಒಂದು ರಜೆಯೂ ಇಲ್ಲವಾ ಅನ್ನೋದು ಅವರ ಪ್ರಶ್ನೆ. ಹಾಗೆ ಹೆಣ್ಣೊಬ್ಬಳ ಹೆಸರಿನ ಮೊದಲ ಸಾರ್ವಜನಿಕ ರಜೆ ಬಂತು.

ನಾನು ಡಬ್ಲಿನ್ನಿಗೆ ಬಂದಿಳಿದದ್ದು ಅದರ ಮರುವರ್ಷ, 2024ರ ಜನವರಿ ಮಧ್ಯದಲ್ಲಿ. ಆಫೀಸಿನ ಕ್ಯಾಲೆಂಡರಿನಲ್ಲಿ ಎರಡೇ ವಾರಕ್ಕೆ ಲಾಂಗ್ ವೀಕೆಂಡ್ ಕಂಡಾಗ ನನಗೆ ಆದದ್ದು ಖುಷಿ ಅಲ್ಲ, ಹೆದರಿಕೆ. ಬೆಂಗಳೂರಲ್ಲಿ ಲಾಂಗ್ ವೀಕೆಂಡ್ ಅಂದ್ರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ನೆಲಮಂಗಲ ಟೋಲ್, ಸಕಲೇಶಪುರದ ಇಡ್ಲಿ, ಬೆಳಗಾಗುವಷ್ಟರಲ್ಲಿ ಊರು. ಇಲ್ಲಿ ಮೂರು ದಿನ ಅಂದ್ರೆ ಮೂರು ದಿನ ಬಾಯಿ ತೆರೆಯೋ ಕೆಲಸವಿಲ್ಲ ಅಂತ ಅರ್ಥ. ಎರಡನೇ ಮಹಡಿಯ ಒಂದು ರೂಮಿನ ಫ್ಲಾಟ್. ಗೋಡೆಗೆ ಮೊಳೆ ಹೊಡೆಯಬಾರದು, ಮೇಣದಬತ್ತಿ ಹಚ್ಚಬಾರದು ಅಂತ ಕರಾರು. ಬೆಳಿಗ್ಗೆ ಎಂಟೂವರೆಗೆ ಸೂರ್ಯ ಬರ್ತಾನೆ, ಸಂಜೆ ನಾಲ್ಕೂವರೆಗೆ ಹೊರಟೇಬಿಡ್ತಾನೆ. 2022ರ ಜನಗಣತಿಯಲ್ಲಿ ಐರ್ಲೆಂಡಿನಲ್ಲಿ ಭಾರತದ ಪೌರರು 45 ಸಾವಿರಕ್ಕೂ ಹೆಚ್ಚು ಇದ್ದರಂತೆ. ಆ 45 ಸಾವಿರದಲ್ಲಿ ಒಬ್ಬರೂ ನನಗೆ ಗೊತ್ತಿರಲಿಲ್ಲ.

ಆ ಸಂಜೆಗಳಲ್ಲಿ ನಾನು ಓದಲು ಶುರು ಮಾಡಿದ್ದು ಈ ದೇಶದ ಜಾನಪದ ಸಂಗ್ರಹವನ್ನ. ಡಿಜಿಟಲ್ ಮಾಡಿ ಎಲ್ಲರಿಗೂ ಬಿಟ್ಟಿಯಾಗಿ ಇಟ್ಟಿದ್ದಾರೆ. ಐರಿಷ್ ಜಾನಪದ ಆಯೋಗ ಶುರುವಾದದ್ದು 1935ರಲ್ಲಿ. ಎರಡು ವರ್ಷ ಕಳೆದು, 1937ರಲ್ಲಿ, ಅವರೊಂದು ಒಳ್ಳೇ ಉಪಾಯ ಮಾಡಿದರು. ಐದು ಸಾವಿರ ಪ್ರಾಥಮಿಕ ಶಾಲೆಗಳ ಸುಮಾರು 50 ಸಾವಿರ ಮಕ್ಕಳಿಗೆ, ಮನೆಯ ಮತ್ತು ನೆರೆಕರೆಯ ಹಿರಿಯರ ಹತ್ತಿರ ಕೂತು ಕಥೆ, ಮದ್ದು, ಹಬ್ಬ ಎಲ್ಲ ಕೇಳಿ ಕಾಪಿ ಪುಸ್ತಕದಲ್ಲಿ ಬರೆದು ತನ್ನಿ ಅಂದರು. ಹನ್ನೊಂದು ಹನ್ನೆರಡು ವರ್ಷದ ಮಕ್ಕಳ ದುಂಡು ಅಕ್ಷರ, ಅಲ್ಲಲ್ಲಿ ಶಾಯಿಯ ಮಚ್ಚೆ. ಆಮೇಲೆ 1942ರಲ್ಲಿ ಬ್ರಿಜಿಡ್ ಹಬ್ಬದ ಬಗ್ಗೆಯೇ ಪ್ರತ್ಯೇಕ ಪ್ರಶ್ನಾವಳಿ ಕಳಿಸಿದರು. ನಿಮ್ಮೂರಲ್ಲಿ ಶಿಲುಬೆಯನ್ನ ಯಾವುದರಿಂದ ಮಾಡ್ತಾರೆ, ಯಾರು ಮಾಡ್ತಾರೆ, ಆ ರಾತ್ರಿ ಊಟಕ್ಕೇನು, ಹೊರಗೆ ಏನು ಇಡ್ತಾರೆ ಅನ್ನೋ ಥರದ ಪ್ರಶ್ನೆಗಳು. ಯುರೋಪಿನಲ್ಲಿ ಮಹಾಯುದ್ಧ ನಡೀತಿದ್ದಾಗ, ತಟಸ್ಥವಾಗಿ ಉಳಿದಿದ್ದ ಈ ಬಡ ದೇಶ ಹುಲ್ಲಿನ ಶಿಲುಬೆಯ ಬಗ್ಗೆ ವಿಚಾರಣೆ ನಡೆಸ್ತಾ ಇತ್ತು. ನನಗೆ ಅದು ಬಹಳ ದೊಡ್ಡ ಕೆಲಸ ಅನಿಸುತ್ತೆ.

ಈ ಕಾಗದಗಳಲ್ಲಿ ಮತ್ತೆ ಮತ್ತೆ ಬರೋದು ಒಂದು ಬಾಗಿಲು.

ಹಬ್ಬ ನಡೆಯೋದು ಜನವರಿ 31ರ ರಾತ್ರಿ, ಯಾಕಂದ್ರೆ ಹಳೇ ಐರಿಷ್ ಲೆಕ್ಕದಲ್ಲಿ ದಿನ ಶುರುವಾಗೋದು ಹಿಂದಿನ ಸಂಜೆಗೆ. ಅವತ್ತು ರಾತ್ರಿ ಬ್ರಿಜಿಡ್ ತನ್ನ ಬಿಳಿ ಹಸುವಿನ ಜೊತೆ ನಾಡೆಲ್ಲ ಸುತ್ತಾಡ್ತಾಳೆ ಅಂತ ನಂಬಿಕೆ. ಹಗಲಲ್ಲೇ ಯಾರಾದರೂ ಜೌಗಿನ ಗದ್ದೆಗೆ ಹೋಗಿ ಜೊಂಡು ಹುಲ್ಲು ತಂದು ಹಿತ್ತಲಲ್ಲಿ ಅಡಗಿಸಿ ಇಟ್ಟಿರ್ತಾರೆ. ಕತ್ತಲಾದ ಮೇಲೆ ಮನೆಯ ಒಬ್ಬರು ಹೊರಗೆ ಹೋಗಬೇಕು. ಕೆಲವು ಕಡೆ ಅದು ಮನೆಯ ಹುಡುಗಿ, ಅದರಲ್ಲೂ ಬ್ರಿಜಿಡ್ ಅಂತಲೇ ಹೆಸರಿಟ್ಟುಕೊಂಡವಳಿದ್ದರೆ ಅವಳೇ. ಕೆಲವು ಕಡೆ ಯಜಮಾನ. ಹುಲ್ಲಿನ ಕಂತೆ ಹೊತ್ತುಕೊಂಡು ಮನೆಗೊಂದು ಸುತ್ತು ಬಂದು ಬಾಗಿಲು ಬಡೀಬೇಕು. ಮೊಣಕಾಲೂರಿ, ಕಣ್ಣು ಬಿಟ್ಟು, ಬ್ರಿಜಿಡಳನ್ನ ಒಳಗೆ ಬಿಡಿ ಅಂತ ಹೊರಗಿನವರು ಕೇಳ್ತಾರೆ. ಅವಳಿಗೆ ಸ್ವಾಗತ ಅಂತ ಒಳಗಿನವರು ಮೊಣಕಾಲೂರಿ ಉತ್ತರ ಕೊಡ್ತಾರೆ. ಹೀಗೆ ಮೂರು ಸಲ. ಆಮೇಲೆ ಬಾಗಿಲು ತೆರೆದು, ಹುಲ್ಲನ್ನ ಊಟದ ಮೇಜಿನ ಕೆಳಗಿಟ್ಟು, ಬೆಣ್ಣೆ ಸುರಿದ ಆಲೂಗಡ್ಡೆ ಮುದ್ದೆ ಉಂಡು, ಎಲ್ಲರೂ ಒಟ್ಟಿಗೆ ಕೂತು ಅದೇ ಹುಲ್ಲಿನಿಂದ ಶಿಲುಬೆ ನೇಯ್ತಾರೆ. ಒಂದು ಬಾಗಿಲ ಮೇಲೆ, ಒಂದು ಕೊಟ್ಟಿಗೆಗೆ. ಕೆಲವು ಕಡೆ ಹಳೇದನ್ನ ತೆಗೆಯೋದೇ ಇಲ್ಲ, ಸೂರಿನಡಿ ವರ್ಷಕ್ಕೊಂದರಂತೆ ಸೇರಿಸ್ತಾ ಹೋಗ್ತಾರೆ.

ಕರಾವಳಿಯವರಿಗೆ ಇದು ವಿಚಿತ್ರ ಅನಿಸಲಿಕ್ಕಿಲ್ಲ. ನಾವೂ ಹೊಸ ಭತ್ತದ ತೆನೆ ತಂದು ಬಾಗಿಲಿಗೆ, ಕಂಬಕ್ಕೆ, ಕಳಸಿಗೆಗೆ ಕಟ್ಟುವವರೇ. ನನ್ನನ್ನ ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಈ ಹಬ್ಬ ಮಾಡೋಕೆ ಪೂಜಾರಿ ಬೇಡ, ಪಾದ್ರಿ ಬೇಡ, ಊರು ಸೇರಬೇಕಾಗಿಲ್ಲ. ಆದರೆ ಬಾಗಿಲಿನ ಎರಡೂ ಕಡೆ ಜನ ಇರಬೇಕು. ಕೇಳೋಕೆ ಒಬ್ಬರು, ಬಾ ಅನ್ನೋಕೆ ಒಬ್ಬರು. ಒಬ್ಬಳೇ ಇದ್ದರೆ ಹೊರಗೆ ನಿಂತು ಬಡಿದರೂ ಒಳಗೆ ಯಾರೂ ಇಲ್ಲ. ಒಳಗೇ ಕೂತರಂತೂ ಮುಗೀತು.

ಹಾಗಾದರೆ ಈ ಬ್ರಿಜಿಡ್ ಯಾರು? ಚರ್ಚಿನ ಕಥೆಯಂತೆ ಐದನೇ ಶತಮಾನದ ನಡುವಿನಲ್ಲಿ ಹುಟ್ಟಿ, ಕಿಲ್ಡೇರಿನಲ್ಲಿ ಮಠ ಕಟ್ಟಿದ ಸನ್ಯಾಸಿನಿ. ಕಿಲ್ಡೇರ್ ಅಂದ್ರೆ ಐರಿಷ್ ಭಾಷೆಯಲ್ಲಿ ಓಕ್ ಮರದ ಇಗರ್ಜಿ. ಅವಳು ತೀರಿಕೊಂಡು 1500 ವರ್ಷ ಅಂತ 2024ರಲ್ಲಿ ಕಿಲ್ಡೇರಿನವರು ದೊಡ್ಡದಾಗಿ ಆಚರಿಸಿದರು. ಸುಮಾರು 650ರಲ್ಲಿ ಕೊಗಿಟೋಸಸ್ ಅನ್ನೋ ಸನ್ಯಾಸಿ ಲ್ಯಾಟಿನ್ನಿನಲ್ಲಿ ಅವಳ ಚರಿತ್ರೆ ಬರೆದ. ಅದರಲ್ಲಿ ಕಿಲ್ಡೇರಿನ ಇಗರ್ಜಿಯ ವರ್ಣನೆಯಿದೆ: ಗಂಡಸರೂ ಹೆಂಗಸರೂ ಒಂದೇ ಸೂರಿನಡಿ, ನಡುವೆ ಒಂದು ಅಡ್ಡಗೋಡೆ. ಉಳಿದದ್ದು ಬಹುಪಾಲು ಪವಾಡಗಳು. ಮಳೆಯಲ್ಲಿ ನೆನೆದ ಬಟ್ಟೆಯನ್ನ ಅವಳು ಸೂರ್ಯನ ಕಿರಣದ ಮೇಲೆ ಒಣಗಲು ಹಾಕಿದಳಂತೆ. ಡಬ್ಲಿನ್ನಿನಲ್ಲಿ ಎರಡು ವಾರ ಬಟ್ಟೆ ಒಣಗಿಸಿ ನೋಡಿದವರಿಗೆ ಇದಕ್ಕಿಂತ ದೊಡ್ಡ ಪವಾಡ ಬೇಕಾಗಿಲ್ಲ.

ಇನ್ನೊಂದು ಕಡೆ, ಸುಮಾರು 900ರಲ್ಲಿ ಕ್ಯಾಶೆಲ್‌ನ ರಾಜನೂ ಬಿಷಪ್ಪನೂ ಆಗಿದ್ದ ಕೋರ್ಮಾಕ್ ಎಂಬವನ ಹೆಸರಲ್ಲಿ ಬಂದ ಒಂದು ಶಬ್ದಕೋಶ ಇದೆ. ಅದು ಬ್ರಿಜಿಡ್ ಅನ್ನೋಳು ಕವಿಗಳು ಪೂಜಿಸುತ್ತಿದ್ದ ದೇವತೆ, ಅವಳಿಗೆ ಅದೇ ಹೆಸರಿನ ಇಬ್ಬರು ಸೋದರಿಯರು, ಒಬ್ಬಳು ವೈದ್ಯಕ್ಕೆ ಇನ್ನೊಬ್ಬಳು ಕಮ್ಮಾರಿಕೆಗೆ ಅಂತ ಹೇಳುತ್ತೆ. ಹಬ್ಬದ ಹಳೇ ಹೆಸರು ಇಂಬೊಲ್ಕ್. ಅದಕ್ಕೂ ಕುರಿಯ ಹಾಲಿಗೂ ಸಂಬಂಧ ಕಟ್ಟೋದು ಇದೇ ಶಬ್ದಕೋಶ, ಯಾಕಂದ್ರೆ ಕುರಿಗಳು ಮರಿಹಾಕಿ ಹಾಲೂಡಿಸಲು ಶುರು ಮಾಡೋದು ಈ ಹೊತ್ತಿಗೆ.

ಇಷ್ಟನ್ನ ಹಿಡಿದುಕೊಂಡು ಪ್ರತಿ ಫೆಬ್ರವರಿಯಲ್ಲೂ ಇಂಟರ್ನೆಟ್ಟಿನಲ್ಲಿ ಒಂದು ಜಗಳ ನಡೆಯುತ್ತೆ. ಚರ್ಚು ದೇವತೆಯನ್ನ ಕದ್ದು ಸಂತಳನ್ನಾಗಿ ಮಾಡಿತು ಅಂತ ಒಂದು ಗುಂಪು. ಅವಳು ಪಕ್ಕಾ ಐತಿಹಾಸಿಕ ವ್ಯಕ್ತಿ ಅಂತ ಇನ್ನೊಂದು. ಇಂಗ್ಲೆಂಡಿನ ಇತಿಹಾಸಕಾರ ರೊನಾಲ್ಡ್ ಹಟನ್ ಮೊದಲಾದವರು ತಣ್ಣಗೆ ಹೇಳೋದೇನಂದ್ರೆ, ಕ್ರೈಸ್ತ ಧರ್ಮ ಬರುವ ಮೊದಲು ಇಂಬೊಲ್ಕಿನಲ್ಲಿ ಜನ ಏನು ಮಾಡ್ತಿದ್ರು ಅನ್ನೋದಕ್ಕೆ ನಮ್ಮ ಕೈಲಿ ಹೆಚ್ಚುಕಮ್ಮಿ ಏನೂ ಇಲ್ಲ. ಇರೋದೆಲ್ಲ ಸನ್ಯಾಸಿಗಳು ಬರೆದದ್ದು. ದೇವತೆಯ ವಿಷಯ ತಿಳಿಸಿದ ಕೋರ್ಮಾಕನೇ ಬಿಷಪ್. ತಾರಾ ಗುಡ್ಡದಲ್ಲಿ ಐದು ಸಾವಿರ ವರ್ಷ ಹಳೆಯ ಸಮಾಧಿ ದಿಬ್ಬವೊಂದಿದೆ, ಫೆಬ್ರವರಿ ಮೊದಲ ವಾರದ ಸೂರ್ಯ ಅದರ ಒಳಗಿನ ಓಣಿಗೆ ನೇರವಾಗಿ ಬೀಳ್ತಾನೆ, ನಿಜ. ಹಾಗಂತ ಆ ದಿಬ್ಬ ಕಟ್ಟಿದವರು ಜೊಂಡಿನ ಶಿಲುಬೆ ನೇಯ್ತಿದ್ರು ಅನ್ನೋಕಾಗಲ್ಲ. ಕಲ್ಲು ಉಳಿಯುತ್ತೆ, ಅದರ ಸುತ್ತ ಆಡಿದ ಮಾತು ಉಳಿಯಲ್ಲ.

ನನಗೆ ಈ 'ಕದ್ದರು' ಅನ್ನೋ ಮಾತೇ ಅಷ್ಟಾಗಿ ಒಪ್ಪಿಗೆಯಾಗಲ್ಲ. ನಮ್ಮೂರ ನೆರೆಮನೆಯ ಕ್ರಿಶ್ಚಿಯನ್ನರು ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ ಮಾಡ್ತಾರೆ. ಮಾತೆ ಮೇರಿಯ ಹುಟ್ಟಿದ ದಿನ, ಹೊಸ ತೆನೆಗೆ ಇಗರ್ಜಿಯಲ್ಲಿ ಆಶೀರ್ವಾದ. ನಮ್ಮಲ್ಲೂ ಅದೇ ಆಸುಪಾಸಿನಲ್ಲಿ ಹೊಸ ಅಕ್ಕಿ ಊಟ. ಗದ್ದೆ ಹಣ್ಣಾದದ್ದು ಇಬ್ಬರಿಗೂ ಒಟ್ಟಿಗೇ ತಾನೇ? ಇನ್ನೊಂದು ಸಂಗತಿ, ನಮ್ಮ ವಾಟ್ಸಾಪ್ ಪಂಡಿತರು ಕಂಡುಹಿಡಿಯುವ ಮೊದಲೇ ಹೇಳಿಬಿಡ್ತೀನಿ: ಬ್ರಿಜಿಡ್ ಅನ್ನೋ ಹೆಸರೂ ಸಂಸ್ಕೃತದ ಬೃಹತೀ ಅನ್ನೋ ಶಬ್ದವೂ ಒಂದೇ ಮೂಲದವು, ಎತ್ತರದವಳು ಅಂತ ಅರ್ಥ. ಭಾಷಾ ವಿಜ್ಞಾನಿಗಳು ಒಪ್ಪಿದ ಮಾತೇ. ಆದರೆ ನನ್ನ ಮನೆಮಾತು ತುಳು, ದ್ರಾವಿಡ ಭಾಷೆ. ಈಗ ನಾನು ಹೇಳಹೊರಟ ತುಳುನಾಡಿನ ಹಬ್ಬಕ್ಕೂ ಆ ನೆಂಟಸ್ತಿಕೆಗೂ ಯಾವ ಸಂಬಂಧವೂ ಇಲ್ಲ.

ಮಕ್ಕಳ ಕಾಪಿ ಪುಸ್ತಕ ಓದ್ತಾ ಓದ್ತಾ ನನಗೆ ನೆನಪಾದದ್ದು ಕೆಡ್ಡಸ. ಬ್ರಿಜಿಡ್ ದಿನ ಚಕ್ರ ತಿರುಗಿಸೋ ಕೆಲಸ ಮಾಡಬಾರದು ಅಂತ ಐರ್ಲೆಂಡಿನ ಎಷ್ಟೋ ಕಡೆ ನಿಯಮ ಇತ್ತು. ನೂಲುವ ರಾಟೆ ನಿಲ್ಲಬೇಕು, ಗಾಡಿ ಹೂಡಬಾರದು, ಬೀಸುವ ಕಲ್ಲು ಆಡಿಸಬಾರದು. ಜೊಂಡು ಹುಲ್ಲನ್ನ ಕೈಯಲ್ಲಿ ಕೀಳಬೇಕು, ಕತ್ತಿ ತಾಗಿಸಬಾರದು. ಇದನ್ನ ಓದಿದ ಕೂಡಲೇ ನನಗೆ ಕೇಳಿಸಿದ್ದು ಅಜ್ಜಿಯ ದನಿ. ಕೆಡ್ಡಸದ ಮೂರು ದಿನ ಒಂದು ಹಸಿ ಎಲೆ ಕೊಯ್ದರೂ ಅಜ್ಜಿಗೆ ಸಿಟ್ಟು ಬರ್ತಿತ್ತು.

ಕರಾವಳಿಯವರಲ್ಲದವರಿಗೆ ಎರಡು ಮಾತು. ತುಳುವರ ಸೌರ ಕ್ಯಾಲೆಂಡರಿನಲ್ಲಿ ಮಕರ ಮಾಸಕ್ಕೆ ಪುಯಿಂತೆಲ್ ಅಂತ ಹೆಸರು, ಪೊನ್ನಿ ಅಂತಲೂ ಹೇಳ್ತಾರೆ. ಆ ತಿಂಗಳ 27ರಿಂದ ಮೂರು ದಿನ ಕೆಡ್ಡಸ. ಇಂಗ್ಲಿಷ್ ಲೆಕ್ಕದಲ್ಲಿ ಫೆಬ್ರವರಿ 10ರ ಆಸುಪಾಸು. ಸುರುತ ಕೆಡ್ಡಸ, ನಡು ಕೆಡ್ಡಸ, ಕಡೆ ಕೆಡ್ಡಸ. ಈ ಮೂರು ದಿನ ಭೂಮಿ ಮುಟ್ಟಾಗ್ತಾಳೆ. ಉಳಬಾರದು, ಅಗೆಯಬಾರದು, ಮಣ್ಣಿಗೆ ಗುದ್ದಲಿ ತಾಗಿಸಬಾರದು. ಮೊದಲೆಲ್ಲ ನಲಿಕೆಯವರು ಮನೆಮನೆಗೆ ಬಂದು, ಕೆಡ್ಡಸ ಯಾವ ವಾರ ಬರುತ್ತೆ, ಏನೇನು ಮಾಡಬಾರದು ಅಂತ ಹಾಡಿ ಹೇಳಿ ಹೋಗ್ತಿದ್ರು. ಗಂಡಸರಿಗೆ ಕೆಡ್ಡಸದ ಬೇಟೆ ಇತ್ತು. ಮನೆಯಲ್ಲಿ ಕುಚ್ಚಲಕ್ಕಿ ಹುರಿದು ಪುಡಿ ಮಾಡಿ, ಬೆಲ್ಲ, ತೆಂಗಿನಕಾಯಿ, ಹುರಿದ ನೆಲಗಡಲೆ, ಹೆಸರು ಸೇರಿಸಿದ ನನ್ನೆರಿ. ಊಟಕ್ಕೆ ನುಗ್ಗೆ ಬದನೆ ಪದಾರ್ಥ. ಕಡೆಯ ದಿನ ಅಂಗಳದಲ್ಲಿ ತುಳಸಿಕಟ್ಟೆ ಹತ್ತಿರ ಸೆಗಣಿ ಸಾರಿಸಿ, ಎಣ್ಣೆ, ಸೀಗೆ, ಅರಿಶಿನ, ಕುಂಕುಮ ಇಟ್ಟು, ಮನೆಯ ಹೆಂಗಸು ನೆಲಕ್ಕೆ ಎಣ್ಣೆ ಬಿಡ್ತಾಳೆ. ಭೂಮಿಗೆ ಸ್ನಾನ.

ತಿಂಗಳ ಮೂರು ದಿನ ಹೆಂಗಸರನ್ನ ಹೊರಗೆ ಕೂರಿಸುತ್ತಿದ್ದ ಮನೆಗಳೇ ಭೂಮಿಗೆ ಈ ಉಪಚಾರ ಮಾಡ್ತಿದ್ದವು ಅನ್ನೋದು ನನಗೆ ಇವತ್ತಿಗೂ ಪೂರ್ತಿ ಜೀರ್ಣವಾಗದ ಸಂಗತಿ. ಅದರ ಬಗ್ಗೆ ಇನ್ನೊಂದು ಲೇಖನವೇ ಬೇಕು. ಕೇರಳದಲ್ಲಿ ಇದೇ ಮಕರ ಮಾಸದ ಕೊನೆಗೆ ಉಚ್ಚಾರಲ್, ಒಡಿಶಾದಲ್ಲಿ ಜೂನ್ ಮಧ್ಯದಲ್ಲಿ ರಜ ಪರ್ಬ, ಅಸ್ಸಾಮಿನಲ್ಲಿ ಅಂಬುಬಾಚಿ, ಎಲ್ಲ ಕಡೆ ಇದೇ ನಂಬಿಕೆಯ ಬೇರೆ ಬೇರೆ ರೂಪ.

ಐರ್ಲೆಂಡಿನದ್ದು ಹೀಗಲ್ಲ. ಅಲ್ಲಿ ಭೂಮಿ ಮಲಗಿದ್ದವಳು ಎದ್ದೇಳ್ತಾಳೆ. ಕೆಲವು ಊರುಗಳಲ್ಲಂತೂ ಅವತ್ತೇ ಒಂದು ಹೆಂಟೆ ಮಗುಚಿ ಹೊಲದ ಕೆಲಸಕ್ಕೆ ನಾಂದಿ ಹಾಡ್ತಿದ್ರು. ಅದು ರೈತರ ಲೆಕ್ಕ ಪರಿಶೋಧನೆಯ ದಿನವೂ ಹೌದು. ಚಳಿಗಾಲಕ್ಕೆ ಕೂಡಿಟ್ಟ ಒಣಹುಲ್ಲಿನಲ್ಲಿ ಅರ್ಧ ಇನ್ನೂ ಮಿಕ್ಕಿದ್ದರೆ ದನಗಳು ಉಳೀತವೆ, ಇಲ್ಲವಾದರೆ ಕಷ್ಟ. ಈಗಲೂ ಇಲ್ಲಿಯ ಶಾಲೆಗಳಲ್ಲಿ ಫೆಬ್ರವರಿ ಒಂದಕ್ಕೆ ವಸಂತ ಶುರು ಅಂತಲೇ ಕಲಿಸ್ತಾರೆ, ಹವಾಮಾನ ಇಲಾಖೆಯವರು ಮಾತ್ರ ಮಾರ್ಚ್ ಒಂದು ಅಂತಾರೆ. ನಾನು ಕಿಟಕಿಯಿಂದ ಕಂಡದ್ದು ಮಳೆ, ಗಾಳಿ, ಬೋಳು ಮರ. ಆದರೂ ಆಫೀಸಿನ ಕಾಫಿ ಮಷೀನಿನ ಹತ್ತಿರ ಎಲ್ಲರೂ ಹೇಳೋದು ಒಂದೇ ಮಾತು: ಸಂಜೆ ಉದ್ದ ಆಗ್ತಿದೆ, ನೋಡಿದ್ರಾ? ಡಿಸೆಂಬರಿನಲ್ಲಿ ನಾಲ್ಕೂ ಹತ್ತಕ್ಕೆ ಕತ್ತಲಾಗುತ್ತಿದ್ದದ್ದು ಫೆಬ್ರವರಿ ಒಂದಕ್ಕೆ ಐದು ಗಂಟೆ. ಐವತ್ತು ನಿಮಿಷದ ಆ ಬೆಳಕೇ ಹಬ್ಬದ ಅಸಲಿ ಕಾರಣ ಅಂತ ನನಗೆ ಅರ್ಥವಾದದ್ದು ಆಗ.

ಅಂಥಾ ಹಬ್ಬ ಸೊರಗಿದ್ದು ಹೇಗೆ? ಕ್ಷಾಮ ಒಂದೇ ಕಾರಣ ಅನ್ನಲ್ಲ. ರೇಡಿಯೋ ಬಂತು, ಕರೆಂಟ್ ಬಂತು, ಹುಲ್ಲಿನ ಮಾಡು ಹೋಗಿ ಸ್ಲೇಟು ಬಂತು. ಆದರೆ ಒಂದು ಅಂಕಿಯನ್ನ ನಾನು ಪದೇ ಪದೇ ನೋಡ್ತಾ ಕೂತಿದ್ದೆ. 1841ರ ಜನಗಣತಿಯಲ್ಲಿ ಐರ್ಲೆಂಡಿನ ಮನೆಗಳನ್ನ ನಾಲ್ಕು ದರ್ಜೆ ಮಾಡಿದ್ದರು. ನಾಲ್ಕನೆಯದು ಒಂದೇ ಕೋಣೆಯ ಮಣ್ಣಿನ ಗುಡಿಸಲು. ಅಂಥವು ಆಗ ಸುಮಾರು 4 ಲಕ್ಷ 90 ಸಾವಿರ ಇದ್ದವು. ನಡುವೆ ಆಲೂಗಡ್ಡೆಗೆ ರೋಗ ಬಂತು, 1845ರಿಂದ ಮಹಾಕ್ಷಾಮ. ಹತ್ತು ಲಕ್ಷದಷ್ಟು ಜನ ಸತ್ತರು, ಹತ್ತು ಲಕ್ಷದಷ್ಟು ಜನ ಹಡಗು ಹತ್ತಿದರು. 1851ರಲ್ಲಿ ಎಣಿಸಿದಾಗ ಅದೇ ಥರದ ಗುಡಿಸಲು ಉಳಿದದ್ದು ಸುಮಾರು 1 ಲಕ್ಷ 35 ಸಾವಿರ. ಹತ್ತು ವರ್ಷದಲ್ಲಿ ಮೂರೂವರೆ ಲಕ್ಷ ಬಾಗಿಲು ಇಲ್ಲವಾದವು. ಕ್ಷಾಮ ಮುಗಿದ ಮೇಲೂ ಹೋಗುವವರು ನಿಲ್ಲಲಿಲ್ಲ. 1841ರಲ್ಲಿ 80 ಲಕ್ಷ ದಾಟಿದ್ದ ಜನಸಂಖ್ಯೆ 1911ಕ್ಕೆ 44 ಲಕ್ಷ. ಅಮೆರಿಕಕ್ಕೆ ಹೊರಟವರ ಮನೆಯಲ್ಲಿ ಹಿಂದಿನ ರಾತ್ರಿ ನೆರೆಕರೆಯವರೆಲ್ಲ ಸೇರಿ, ಸತ್ತವರಿಗೆ ಮಾಡುವ ಹಾಗೆ ಜಾಗರಣೆ ಮಾಡ್ತಿದ್ರು. ಮತ್ತೆ ಮುಖ ನೋಡುವ ಆಸೆ ಇರಲಿಲ್ಲ ಅಂತ. ಆ ಮನೆಗಳಲ್ಲಿ ಮುಂದಿನ ಜನವರಿ 31ಕ್ಕೆ ಹೊರಗೆ ಹೋಗಿ ಬಾಗಿಲು ಬಡಿಯೋ ಹುಡುಗಿ ಬಾಸ್ಟನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಯಾರದ್ದೋ ಅಡುಗೆಮನೆಯಲ್ಲಿ ಪಾತ್ರೆ ತೊಳೀತಾ ಇದ್ದಳು. ಒಳಗೆ ಇಬ್ಬರು ಮುದುಕರು.

ಇಷ್ಟಾದರೂ ಹಬ್ಬ ಪೂರ್ತಿ ಸಾಯಲಿಲ್ಲ. ಶಾಲೆಗಳು ಅದನ್ನ ಉಳಿಸಿಕೊಂಡವು, ಮಕ್ಕಳು ಹುಲ್ಲಿನ ಬದಲು ಪೈಪ್ ಕ್ಲೀನರಿನಲ್ಲಿ ಶಿಲುಬೆ ಮಾಡ್ತಾರೆ. ದೇಶದ ಟೀವಿ 1961ರ ಕೊನೆಯ ದಿನ ಶುರುವಾದ ಮೇಲೆ ದಶಕಗಟ್ಟಲೆ ಅದರ ಲಾಂಛನದಲ್ಲಿ ಈ ಶಿಲುಬೆಯೇ ಇತ್ತು. ಕೆರಿ ಜಿಲ್ಲೆಯಲ್ಲಿ ಹುಲ್ಲಿನ ಟೋಪಿ ಹಾಕಿದ ತಂಡಗಳು ಬ್ರಿಜಿಡಳ ಗೊಂಬೆ ಹಿಡಿದು ಈಗಲೂ ಮನೆಮನೆಗೆ ಹೋಗ್ತವೆ.

ಆ ಲಾಂಗ್ ವೀಕೆಂಡಿನ ಶನಿವಾರ ನಾನು ರೈಲು ಹತ್ತಿ ಕಿಲ್ಡೇರಿಗೆ ಹೋದೆ. ಡಬ್ಲಿನ್ನಿನಿಂದ ಒಂದು ಗಂಟೆಯೂ ಬೇಡ. ಇಗರ್ಜಿಯ ಪಕ್ಕ ಒಂದು ಚೌಕಾಕಾರದ ಕಲ್ಲಿನ ಅಡಿಪಾಯ ಇದೆ, ಬೆಂಕಿಮನೆ ಅಂತ ತೋರಿಸ್ತಾರೆ. 1180ರ ದಶಕದಲ್ಲಿ ವೇಲ್ಸಿನ ಜೆರಾಲ್ಡ್ ಎಂಬ ಪಾದ್ರಿ ಐರ್ಲೆಂಡಿನ ಬಗ್ಗೆ ಬರೆದ ಪುಸ್ತಕದಲ್ಲಿ ಇಲ್ಲಿಯ ಬೆಂಕಿಯ ಕಥೆ ಇದೆ. ಆರದ ಬೆಂಕಿ, ಸುತ್ತ ಬೇಲಿ, ಗಂಡಸರು ದಾಟುವ ಹಾಗಿಲ್ಲ. ಹತ್ತೊಂಬತ್ತು ಸನ್ಯಾಸಿನಿಯರು ಸರದಿಯಲ್ಲಿ ಒಂದೊಂದು ರಾತ್ರಿ ಕಾಯ್ತಾರೆ. ಇಪ್ಪತ್ತನೇ ರಾತ್ರಿ ಯಾರೂ ಕಾಯಲ್ಲ. ಹತ್ತೊಂಬತ್ತನೆಯವಳು ಸೌದೆ ಜೋಡಿಸಿಟ್ಟು, ಇವತ್ತು ನಿನ್ನ ಸರದಿ ಅಂತ ಬ್ರಿಜಿಡಳಿಗೆ ಹೇಳಿ ಹೋಗ್ತಾಳೆ. ಬೆಳಿಗ್ಗೆ ನೋಡಿದರೆ ಸೌದೆ ಉರಿದಿರುತ್ತೆ, ಬೆಂಕಿ ಇರುತ್ತೆ. ಜೆರಾಲ್ಡ್ ಸಾಹೇಬರಿಗೆ ಐರಿಷ್ ಜನ ಕಂಡರೆ ಅಷ್ಟಕ್ಕಷ್ಟೆ, ಅವರ ಬರಹದ ತುಂಬ ತಾತ್ಸಾರ. ಆದರೆ ಈ ಬೆಂಕಿಯ ವಿಷಯ ಬಂದಾಗ ಮಾತ್ರ ಅವರೂ ಮೆತ್ತಗಾಗ್ತಾರೆ. 1220ರಲ್ಲಿ ಡಬ್ಲಿನ್ನಿನ ಆರ್ಚ್‌ಬಿಷಪ್ ಬೆಂಕಿ ಆರಿಸಲು ಹೇಳಿದನಂತೆ, ಮತ್ತೆ ಹಚ್ಚಿದರಂತೆ, ಹದಿನಾರನೇ ಶತಮಾನದಲ್ಲಿ ಮಠಗಳೇ ಮುಚ್ಚಿದಾಗ ಪೂರ್ತಿ ಆರಿತು. ಬ್ರಿಜಿಡೀನ್ ಪಂಥದ ಸನ್ಯಾಸಿನಿಯರು ಅದನ್ನ ಮತ್ತೆ ಹಚ್ಚಿದ್ದು 1993ರಲ್ಲಿ.

ಆ ಇಪ್ಪತ್ತನೇ ರಾತ್ರಿ ನನಗೆ ತುಂಬ ಇಷ್ಟವಾಯ್ತು. ಖಾಲಿ ಕೋಣೆಯೊಂದನ್ನ ಲೆಕ್ಕ ಹಾಕಿಯೇ ಸರದಿಯಲ್ಲಿ ಸೇರಿಸಿದ್ದಾರೆ.

ಒಂಟಿಯಾಗಿದ್ದವರಿಗೂ ಮಾಡಲು ಬರುವಂಥ ಒಂದು ಪದ್ಧತಿ ಆ ಕಾಗದಗಳಲ್ಲಿ ಸಿಕ್ಕಿತ್ತು. ಬ್ರಾಟ್ ಬ್ರೀಡೆ, ಅಂದ್ರೆ ಬ್ರಿಜಿಡಳ ಬಟ್ಟೆ. ಒಂದು ತುಂಡು ಬಟ್ಟೆಯನ್ನ 31ರ ರಾತ್ರಿ ಪೊದೆಯ ಮೇಲೋ ಕಿಟಕಿಯ ಹೊರಗೋ ಇಟ್ಟರೆ ಅವಳು ಹಾದುಹೋಗುವಾಗ ಮುಟ್ಟಿ ಹೋಗ್ತಾಳೆ. ಬೆಳಿಗ್ಗೆ ಇಬ್ಬನಿಯಲ್ಲಿ ನೆಂದ ಆ ಬಟ್ಟೆಯನ್ನ ವರ್ಷವಿಡೀ ತಲೆನೋವಿಗೆ, ಗಂಟಲುನೋವಿಗೆ, ಕರು ಹಾಕುವ ಹಸುವಿಗೆ ಬಳಸ್ತಿದ್ರು. ಇದಕ್ಕೆ ಬಾಗಿಲು ಬಡಿಯೋರು ಬೇಡ. ಊರಿಂದ ತಂದಿದ್ದ ಬೈರಾಸನ್ನ ನಾನು ಅವತ್ತು ಬಾಲ್ಕನಿಯ ಕಂಬಿಗೆ ಕಟ್ಟಿದೆ. ಬೆಳಿಗ್ಗೆ ಅದು ಇಬ್ಬನಿಯಲ್ಲಿ ಅಲ್ಲ, ಡಬ್ಲಿನ್ನಿನ ಅಡ್ಡಮಳೆಯಲ್ಲಿ ತೊಪ್ಪೆಯಾಗಿ, ಹೀಟರಿನ ಮೇಲೆ ಒಣಗಲು ಎರಡು ದಿನ ತಗೊಂಡಿತು.

ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ ಅವಳು ಕೇಳಿದ್ದು ಒಂದೇ: "ಅಲ್ಲಿ ಕೆಡ್ಡಸಕ್ಕೆ ಎಂತ ಮಾಡ್ತಿ?" ಅಮ್ಮನದ್ದೂ ಹೊಸ ಮನೆಯೇ. ಅಪ್ಪ ಹೋದ ಮೇಲೆ ಬೆಳ್ತಂಗಡಿ ಹತ್ತಿರದ ಮನೆ, ಅಡಿಕೆ ತೋಟ ಮಾರಿ ಮಂಗಳೂರಿನ ಒಂದು ಫ್ಲಾಟಿಗೆ ಬಂದಿದ್ದಳು. ನಾನು ಹೊರಡುವ ಎರಡು ತಿಂಗಳ ಮೊದಲು. ಆಸ್ಪತ್ರೆ ಹತ್ತಿರ, ಲಿಫ್ಟ್ ಇದೆ, ವಾಚ್‌ಮನ್ ಇದ್ದಾನೆ ಅಂತೆಲ್ಲ ನಾನೇ ಹುಡುಕಿ ಕೊಡಿಸಿದ್ದು. ಐದನೇ ಮಹಡಿ. ತುಳಸಿ ಒಂದು ಪ್ಲಾಸ್ಟಿಕ್ ಚಟ್ಟಿಯಲ್ಲಿ. "ಕೆಳಗೆ ಹೋಗಿ ನೋಡಿದೆ, ಇಡೀ ಕಂಪೌಂಡಿಗೆ ಇಂಟರ್‌ಲಾಕ್ ಹಾಕಿದ್ದಾರೆ. ಎಣ್ಣೆ ಬಿಡ್ಲಿಕ್ಕೆ ಒಂದು ಮುಷ್ಟಿ ಮಣ್ಣಿಲ್ಲ ಮಾರಾಯ್ತಿ" ಅಂದಳು. ದೂರಿನ ದನಿ ಅಲ್ಲ, ಸುಮ್ಮನೆ ವರದಿ. ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ. ಚಟ್ಟಿಯ ಮಣ್ಣಿಗೇ ಬಿಡಬಹುದಲ್ಲ ಅಂದೆ. "ಚಟ್ಟಿಯದ್ದು ಅಂಗಡಿಯಿಂದ ತಂದ ಮಣ್ಣು, ಅದಕ್ಕೆಂಥ ಕೆಡ್ಡಸ?" ಅಂದಳು.

ನಡು ಕೆಡ್ಡಸ ಆ ವರ್ಷ ಭಾನುವಾರ ಬಿತ್ತು, ಫೆಬ್ರವರಿ 11. ಇಲ್ಲಿಯ ಏಷ್ಯನ್ ಅಂಗಡಿಯಲ್ಲಿ ಕೇರಳದ ಮಟ್ಟ ಅಕ್ಕಿ ಸಿಗುತ್ತೆ, ನಮ್ಮ ಕುಚ್ಚಲಕ್ಕಿಗೆ ಹತ್ತಿರದ್ದು. ಬೆಲ್ಲ ಸಿಕ್ಕಿತು, ತೆಂಗಿನ ತುರಿ ಫ್ರೀಜರಿನದ್ದು. ಅಮ್ಮ ವಿಡಿಯೋ ಕಾಲಿನಲ್ಲಿ ಕೂತು, ಉರಿ ಸಣ್ಣ ಮಾಡು, ಕೈ ಬಿಡಬೇಡ ಅಂತ ಹೇಳ್ತಾ ಇದ್ದಳು. ಅಕ್ಕಿ ಸಿಡಿಯಲು ಶುರುವಾಗಿ ಘಮ ಬಂತು, ಅದರ ಹಿಂದೆಯೇ ಹೊಗೆ, ಹೊಗೆಯ ಹಿಂದೆಯೇ ಸ್ಮೋಕ್ ಅಲಾರಂ. ಕಿವಿ ಹರಿದುಹೋಗುವ ಸದ್ದು. ಕುರ್ಚಿ ಹತ್ತಿ ಬೈರಾಸು ಬೀಸಿದರೂ ನಿಲ್ಲದು. ಅಮ್ಮ ಫೋನಿನಲ್ಲಿ "ಎಂತ ಅದು, ಎಂತ ಅದು" ಅಂತ ಕೂಗ್ತಾ ಇದ್ದಾಳೆ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ನಾನು ಆ ಮನೆಗೆ ಬಂದು ನಾಲ್ಕು ವಾರವಾಗಿತ್ತು, ಅದುವರೆಗೆ ಕೊರಿಯರಿನವರು ಕೂಡ ಕೆಳಗಿನ ಬೆಲ್ ಒತ್ತಿ ಹೋಗ್ತಿದ್ದರೇ ಹೊರತು ಬಾಗಿಲ ತನಕ ಬಂದವರಿಲ್ಲ. ತೆರೆದರೆ ಎದುರು ಮನೆಯ ಹೆಂಗಸು, ಅರುವತ್ತರ ಮೇಲೆ ವಯಸ್ಸು, ಮೇಯೋ ಕಡೆಯವರು ಅಂತ ಆಮೇಲೆ ತಿಳಿಯಿತು. ಕೈಯಲ್ಲಿ ಪೊರಕೆಯ ಕೋಲು. ಒಂದೂ ಮಾತಾಡದೆ ಸೀದಾ ಒಳಗೆ ಬಂದು, ಕೋಲಿನ ತುದಿಯಿಂದ ಅಲಾರಂ ಗುಂಡಿ ಒತ್ತಿ ನಿಲ್ಲಿಸಿ, ಬಾಣಲೆ ನೋಡಿ, ಇದೇನು ಅಂತ ಕೇಳಿದರು. ಕುರ್ಚಿ ಎಳೆದು ಕೂರಿಸಿದೆ. ಭೂಮಿ, ಮೂರು ದಿನ, ಎಣ್ಣೆ, ಎಲ್ಲ ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಅವರು ತಲೆ ಆಡಿಸ್ತಾ ಕೇಳಿ, ತಮ್ಮ ಅಜ್ಜಿ ಬ್ರಿಜಿಡ್ ದಿನ ಹೊಲಿಗೆ ಮಷೀನಿನ ಚಕ್ರ ತಿರುಗಿಸಲು ಬಿಡ್ತಿರಲಿಲ್ಲ ಅಂದರು. ಅಮ್ಮ ಫೋನಿನ ಒಳಗಿಂದ "ಅವರಿಗೆ ಸ್ವಲ್ಪ ಕೊಡು, ಬಿಸಿ ಇರುವಾಗಲೇ ಕೊಡು" ಅಂತ ತುಳುವಿನಲ್ಲಿ ಹೇಳ್ತಾನೇ ಇದ್ದಳು.

ಮರುದಿನ ಕಡೆ ಕೆಡ್ಡಸ. ಐರ್ಲೆಂಡಿನಲ್ಲಿ ಬೆಳಗಾಗುವಷ್ಟರಲ್ಲಿ ಅಲ್ಲಿ ಮಧ್ಯಾಹ್ನ. ಅಮ್ಮ ಕಳಿಸಿದ್ದ ಒಂದು ಫೋಟೋ ಫೋನಿನಲ್ಲಿತ್ತು. ಕಂಪೌಂಡಿನ ಮೂಲೆಯಲ್ಲಿ ಇಂಟರ್‌ಲಾಕಿನ ಎರಡು ಇಟ್ಟಿಗೆ ಎಬ್ಬಿಸಿ ಬದಿಗಿಟ್ಟಿದೆ. ಕೆಳಗೆ ಕೆಂಪು ಮಣ್ಣು, ಮಣ್ಣಿನ ಮೇಲೆ ಎಣ್ಣೆಯ ಮಚ್ಚೆ, ಅರಿಶಿನ ಕುಂಕುಮ. ಪಕ್ಕದಲ್ಲಿ ವಾಚ್‌ಮನ್‌ನ ಚಪ್ಪಲಿ ಕಾಲು. ಭೂಮಿ ಅಗೆಯಬಾರದ ದಿನ ಇಟ್ಟಿಗೆ ಎಬ್ಬಿಸಬಹುದಾ ಅಂತ ಕೇಳಿ ಮೆಸೇಜ್ ಮಾಡಿದೆ.

"ಅದು ಅಗೆದದ್ದಲ್ಲ" ಅಂತ ಉತ್ತರ ಬಂತು. "ಅವಳಿಗೆ ಉಸಿರಾಡ್ಲಿಕ್ಕೆ ತೆಗೆದದ್ದು."